ವಾಹನ ಪ್ರಶ್ನೋತ್ತರ: ಪಂಪ್ ಬದಲಾಯಿತು, ಮ್ಯಾಪ್ ಹಳೆಯದೇ ಉಳಿಯಿತು

ಪ್ರಶ್ನೆ: ಮಾನ್ಯರೇ, ನನ್ನದು 1.8 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಎರಡು ವರ್ಷಗಳ ಹಿಂದೆ ಅದಕ್ಕೆ ಬೆಲ್ಟ್‌ನಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಸೂಪರ್‌ಚಾರ್ಜರ್ ಕಿಟ್ ಹಾಕಿಸಿ, ಜೊತೆಗೆ ನಿಮಿಷಕ್ಕೆ 360 ಸಿಸಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನೂ, ಮ್ಯಾಪ್ (ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹಾರಿಸಬೇಕು ಎಂಬ ಅಂಕಿಗಳ ಪಟ್ಟಿ) ತಿದ್ದಲು ಬರುವ ಇಸಿಯುವನ್ನೂ (ಎಂಜಿನ್ ನಡೆಸುವ ಕಂಪ್ಯೂಟರ್) ಕೂರಿಸಿ, ಬೆಂಗಳೂರಿನಲ್ಲಿ ಟ್ಯೂನ್ ಮಾಡಿಸಿದ್ದೆ. ಬೂಸ್ಟ್ (ಹಾಗೆ ತಳ್ಳಿದ ಗಾಳಿಯ ಹೆಚ್ಚುವರಿ ಒತ್ತಡ) ಅರ್ಧ ಬಾರ್. ಶಕ್ತಿ ಸುಮಾರು 180 ಎಚ್‌ಪಿ ಎಂದು ಅಂದಾಜು ಹೇಳಿದ್ದರು. ಆ ದಿನದ ಲಾಗ್ ಪ್ರಕಾರ 6000 ಆರ್‌ಪಿಎಂನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆ; 1ಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು) 0.80, ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಸಮಯದ ಪಾಲು) ಶೇ. 91. ಕಳೆದ ತಿಂಗಳು ಹಳೆಯ ಪೆಟ್ರೋಲ್ ಪಂಪ್ ಸದ್ದು ಮಾಡತೊಡಗಿದ್ದರಿಂದ ದಾವಣಗೆರೆಯಲ್ಲೇ ಟ್ಯಾಂಕ್ ಇಳಿಸಿ, ಗಂಟೆಗೆ 255 ಲೀಟರ್ ಕೊಡುವ ಪಂಪ್ ಹಾಕಿಸಿದೆ. ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಹಳೆಯದೇ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ರೈಲ್‌ನ ಕೊನೆಯಲ್ಲಿದೆ, ಎಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನಿಂದ ಅದಕ್ಕೊಂದು ಸಣ್ಣ ಹೋಸ್ ಬಂದಿದೆ. ಪಂಪ್ ಹಾಕಿಸಿದಂದಿನಿಂದ ಐಡ್ಲಿಂಗ್ ಏರಿಳಿಯುತ್ತದೆ, ನಿಂತಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ, 4500 ಆರ್‌ಪಿಎಂ ದಾಟಿದ ಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕಪ್ಪು ಹೊಗೆ ಉಗುಳಿ ಜರ್ಕ್ ಹೊಡೆಯುತ್ತದೆ. "ಪೆಟ್ರೋಲ್ ಹೆಚ್ಚಾದರೆ ಎಂಜಿನ್‌ಗೆ ಒಳ್ಳೆಯದೇ, ಇಸಿಯು ತಾನಾಗಿ ಕಲಿತುಕೊಳ್ಳುತ್ತದೆ, ಸಾವಿರ ಕಿಲೋಮೀಟರ್ ಓಡಿಸಿ ನೋಡಿ" ಎನ್ನುತ್ತಾರೆ ಮೆಕ್ಯಾನಿಕ್. ಓಡಿಸಲೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಓಡಿಸಬೇಡಿ. ಸಾವಿರ ಕಿಲೋಮೀಟರ್ ಹಾಗಿರಲಿ, ಹರಿಹರಕ್ಕೆ ಹೋಗಿ ಬರುವಷ್ಟು ದೂರದಲ್ಲೂ ಈ ಕಾರಿನ ಆಕ್ಸಿಲರೇಟರ್ ಅನ್ನು ಪೂರ್ತಿ ಒತ್ತಬಾರದು. ನಿಮ್ಮ ಮೆಕ್ಯಾನಿಕ್ ಪಂಪ್ ಕೂರಿಸುವ ಕೆಲಸವನ್ನು ಸರಿಯಾಗಿಯೇ ಮಾಡಿರಬಹುದು. ಆದರೆ ಪಂಪ್ ಬದಲಾದ ಮೇಲೂ ಹಳೆಯ ಮ್ಯಾಪ್ ನಡೆಯುತ್ತದೆ ಎಂಬ ಅವರ ತೀರ್ಮಾನ ನಿಮ್ಮ ಕಾರಿನ ಮಟ್ಟಿಗೆ ತಪ್ಪು. ಅದಕ್ಕೆ ಬೇಕಾದ ಸಾಕ್ಷಿ ನೀವೇ ಕಳಿಸಿದ ಹಳೆಯ ಲಾಗ್‌ನಲ್ಲಿದೆ.

ಪಂಪ್ ದೊಡ್ಡದಾದ ಮಾತ್ರಕ್ಕೆ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಹೋಗುವುದಿಲ್ಲ. ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಡ್ರಿಪ್ ಹಾಕಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಲೈನಿಗೆ ಬೇಕಾದಷ್ಟೇ ಒತ್ತಡವನ್ನು ಉಳಿಸಿ, ಮಿಕ್ಕ ನೀರನ್ನು ಬೈಪಾಸ್ ವಾಲ್ವ್ ಮತ್ತೆ ತೊಟ್ಟಿಗೆ ಬಿಡುತ್ತದೆ. ಆ ವಾಲ್ವ್ ಸರಿಯಿದ್ದರೆ ಮೋಟಾರ್ 5 ಎಚ್‌ಪಿಯದಿರಲಿ, 7.5 ಎಚ್‌ಪಿಯದಿರಲಿ, ಗಿಡದ ಬುಡದಲ್ಲಿ ತೊಟ್ಟಿಕ್ಕುವ ನೀರು ಅಷ್ಟೇ. ಕಾರಿನಲ್ಲಿ ಆ ಕೆಲಸವನ್ನು ರೆಗ್ಯುಲೇಟರ್ ಮಾಡುತ್ತದೆ. ಒಂದು ಇಂಜೆಕ್ಟರ್‌ನಿಂದ ಎಷ್ಟು ಪೆಟ್ರೋಲ್ ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ಎರಡೇ ಸಂಗತಿಗಳು: ಅದು ಎಷ್ಟು ಹೊತ್ತು ತೆರೆದಿರುತ್ತದೆ, ಮತ್ತು ಅದರ ಹಿಂದಿನ ರೈಲ್ ಒತ್ತಡಕ್ಕೂ ಮುಂದಿನ ಮ್ಯಾನಿಫೋಲ್ಡ್ ಒತ್ತಡಕ್ಕೂ ಎಷ್ಟು ವ್ಯತ್ಯಾಸವಿದೆ. ನಿಮ್ಮ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ ಹೋಸ್ ಬಂದಿರುವುದೇ ಈ ವ್ಯತ್ಯಾಸವನ್ನು ಸದಾ 3 ಬಾರ್‌ನಲ್ಲಿ ಹಿಡಿದಿಡಲು. ಬೂಸ್ಟ್ ಅರ್ಧ ಬಾರ್ ಏರಿದರೆ ರೈಲ್ ಒತ್ತಡವೂ ಅರ್ಧ ಬಾರ್ ಏರಿ 3.5 ಆಗಬೇಕು.

ಹಾಗಿದ್ದರೆ ಪಂಪ್ ಬದಲಿಸಿದ ಮೇಲೆ ಮ್ಯಾಪ್ ಏಕೆ ಕೆಟ್ಟಿತು? ಏಕೆಂದರೆ ಹಳೆಯ ಪಂಪ್ ಆ 3.5 ಬಾರ್ ಅನ್ನು ಕೊಡುತ್ತಲೇ ಇರಲಿಲ್ಲ. ಲೆಕ್ಕ ಹಾಕಿ ನೋಡೋಣ. ಸೂಪರ್‌ಚಾರ್ಜರ್ ಇರುವ ಪೆಟ್ರೋಲ್ ಎಂಜಿನ್ 180 ಎಚ್‌ಪಿ ಕೊಡುವಾಗ ಗಂಟೆಗೆ ಸುಮಾರು 65 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅದನ್ನು ನಾಲ್ಕು ಇಂಜೆಕ್ಟರ್‌ಗಳಿಗೆ ಹಂಚಿದರೆ ಒಂದೊಂದಕ್ಕೆ ನಿಮಿಷಕ್ಕೆ 275 ಸಿಸಿ ಬರುತ್ತದೆ. ನಿಮ್ಮ ಇಂಜೆಕ್ಟರ್‌ಗಳು 3 ಬಾರ್‌ನಲ್ಲಿ ನಿಜವಾಗಿ 360 ಸಿಸಿ ಕೊಡುತ್ತಿದ್ದರೆ ಡ್ಯೂಟಿ ಶೇ. 76ರ ಆಸುಪಾಸಿನಲ್ಲಿ ಇರಬೇಕಿತ್ತು. ಲಾಗ್ ತೋರಿಸುವುದು ಶೇ. 91. ಅಂದರೆ ಅವು ಅಂದು ನಿಮಿಷಕ್ಕೆ ಸುಮಾರು 300 ಸಿಸಿ ಮಾತ್ರ ಕೊಡುತ್ತಿದ್ದವು. ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುವುದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ಇಂಜೆಕ್ಟರ್‌ನ ಎರಡು ಬದಿಗಳ ವ್ಯತ್ಯಾಸ 3 ಬಾರ್ ಅಲ್ಲ, 2.1 ಬಾರ್‌ನಷ್ಟಿತ್ತು ಎಂದಾಗುತ್ತದೆ. ಶಕ್ತಿಯ ಅಂಕಿ ಅಂದಾಜಿನದಾದ್ದರಿಂದ ಇದೂ ಅಂದಾಜೇ. ಆದರೂ ಅದು ಬೊಟ್ಟು ಮಾಡುವ ದಿಕ್ಕಿನ ಬಗ್ಗೆ ನನಗೆ ಸಂದೇಹವಿಲ್ಲ. ಹಳೆಯ ಪಂಪ್ ಮೇಲಿನ ಆರ್‌ಪಿಎಂನಲ್ಲಿ ಸೋಲುತ್ತಿತ್ತು. ಟ್ಯೂನ್ ಮಾಡಿದವರು ರೈಲ್‌ಗೆ ಗೇಜ್ ಹಾಕದೆ, ಮಿಶ್ರಣ ತೆಳುವಾಗುತ್ತಿದೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ) ಎಂಬುದನ್ನಷ್ಟೇ ನೋಡಿ, ಇಂಜೆಕ್ಟರ್ ತೆರೆದಿರುವ ಸಮಯವನ್ನು ಹಿಗ್ಗಿಸಿ ಲ್ಯಾಂಬ್ಡಾವನ್ನು 0.80ಕ್ಕೆ ತಂದಿದ್ದಾರೆ. ಪಂಪ್‌ನ ದೌರ್ಬಲ್ಯ ಹೀಗೆ ಮ್ಯಾಪ್‌ನೊಳಗೆ ಅಂಕಿಗಳಾಗಿ ಸೇರಿಕೊಂಡಿದೆ.

ಈಗ ಪಂಪ್ ಗಟ್ಟಿಯಾಗಿದೆ, ಒತ್ತಡ ಪೂರ್ತಿ ನಿಂತಿದೆ, ಆದರೆ ಹಿಗ್ಗಿಸಿದ ಸಮಯ ಹಾಗೆಯೇ ಇದೆ. 6000 ಆರ್‌ಪಿಎಂನಲ್ಲಿ ಎಂಜಿನ್‌ನ ಎರಡು ಸುತ್ತಿಗೆ 20 ಮಿಲಿಸೆಕೆಂಡ್ ಹಿಡಿಯುತ್ತದೆ; ಅದರಲ್ಲಿ 15 ಮಿಲಿಸೆಕೆಂಡ್ ತೆರೆದಿದ್ದರೆ ಸಾಕಾಗುವ ಇಂಜೆಕ್ಟರ್ 18 ಮಿಲಿಸೆಕೆಂಡ್ ತೆರೆದಿರುತ್ತದೆ. ಬೀಳುವ ಪೆಟ್ರೋಲ್ ಶೇ. 20ರಷ್ಟು ಹೆಚ್ಚು, ಲ್ಯಾಂಬ್ಡಾ 0.67ರ ಹತ್ತಿರ. ಕಪ್ಪು ಹೊಗೆ ಬರುವುದೂ ಕಿಡಿ ಹತ್ತದೆ ಮಿಸ್ಸಿಂಗ್ ಆಗುವುದೂ ಈ ಮಟ್ಟದಲ್ಲಿಯೇ.

ಪೆಟ್ರೋಲ್ ಹೆಚ್ಚಾದರೆ ಎಂಜಿನ್‌ಗೆ ಒಳ್ಳೆಯದು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಬೂಸ್ಟ್ ಇರುವ ಎಂಜಿನ್‌ನಲ್ಲಿ ತೆಳು ಮಿಶ್ರಣ ಕ್ಷಣಮಾತ್ರದಲ್ಲಿ ಪಿಸ್ಟನ್ ಸುಡಬಲ್ಲದು. ಆದ್ದರಿಂದಲೇ ಪೂರ್ತಿ ಲೋಡ್‌ನಲ್ಲಿ ಲ್ಯಾಂಬ್ಡಾವನ್ನು 0.78ರಿಂದ 0.82ರ ನಡುವೆ ದಪ್ಪಗೆ ಇಡುತ್ತಾರೆ. ಆದರೆ ಅದಕ್ಕಿಂತಲೂ ದಪ್ಪಗಾದ ಪೆಟ್ರೋಲ್ ಎಂಜಿನ್ನನ್ನು ತಂಪಾಗಿಡುವುದಿಲ್ಲ. ಸಿಲಿಂಡರ್ ಗೋಡೆಯ ಎಣ್ಣೆಯ ಪದರವನ್ನು ತೊಳೆದು ರಿಂಗ್‌ಗಳನ್ನು ಸವೆಸುತ್ತದೆ, ಕೆಳಗಿಳಿದು ಎಂಜಿನ್ ಆಯಿಲ್ ಅನ್ನು ತೆಳುವಾಗಿಸುತ್ತದೆ, ಉರಿಯದೆ ಹೊರಬಿದ್ದದ್ದು ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನು ಕರಗಿಸುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಟ್ಯೂನಿಂಗ್‌ಗೂ ಮೊದಲು ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ.

ಇಸಿಯು ಕಲಿತುಕೊಳ್ಳುತ್ತದೆ ಎಂಬುದಕ್ಕೂ ಒಂದು ಮಿತಿಯಿದೆ. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ತಿದ್ದುವ ಕೆಲಸ ಸಾಮಾನ್ಯವಾಗಿ ಐಡ್ಲಿಂಗ್‌ನಲ್ಲಿ ಮತ್ತು ಹದವಾಗಿ ಓಡಿಸುವಾಗ ನಡೆಯುತ್ತದೆ. ಆಗಲೂ ಇಸಿಯುಗೆ ಕೊಟ್ಟಿರುವ ಅಧಿಕಾರ ಶೇಕಡಾ ಇಷ್ಟೇ ಎಂದು ಕಟ್ಟಿರುತ್ತಾರೆ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಬಹುತೇಕ ಇಸಿಯುಗಳು ಸೆನ್ಸರ್‌ನ ಮಾತು ಬಿಟ್ಟು ಮ್ಯಾಪ್‌ನಲ್ಲಿ ಬರೆದದ್ದನ್ನೇ ನಂಬುತ್ತವೆ. ನಿಮ್ಮ ತೊಂದರೆ ಇರುವುದು ಅಲ್ಲಿಯೇ.

ಐಡ್ಲಿಂಗ್ ತೊಂದರೆ ಮಾತ್ರ ಬೇರೆ ಕಾರಣದ್ದು. ನಿಂತಲ್ಲಿ ಎಂಜಿನ್‌ಗೆ ಬೇಕಾದದ್ದು ಗಂಟೆಗೆ ಒಂದು ಲೀಟರ್‌ನ ಆಸುಪಾಸು. ಪಂಪ್ ತಳ್ಳುವ ಮಿಕ್ಕದ್ದೆಲ್ಲವೂ ರೆಗ್ಯುಲೇಟರ್ ದಾಟಿ ರಿಟರ್ನ್ ಲೈನ್‌ನಲ್ಲಿ ಟ್ಯಾಂಕ್‌ಗೆ ಮರಳಬೇಕು. ಸಣ್ಣ ಪಂಪ್‌ಗೆಂದು ಮಾಡಿದ ರೆಗ್ಯುಲೇಟರ್ ಮತ್ತು ಕಿರಿದಾದ ಪೈಪ್ ಇಷ್ಟನ್ನು ಬಿಡಲಾರದೆ ಹೋದರೆ ರೈಲ್ ಒತ್ತಡ ತಾನಾಗಿ ಏರುತ್ತದೆ. 3 ಬಾರ್ ಇರಬೇಕಾದ ಕಡೆ 3.6 ಆದರೆ ಶೇ. 9ರಿಂದ 10ರಷ್ಟು ಹೆಚ್ಚು ಪೆಟ್ರೋಲ್ ಬೀಳುತ್ತದೆ. ಇಸಿಯು ಕಡಿಮೆ ಮಾಡುತ್ತದೆ, ಮತ್ತೆ ಹೆಚ್ಚಾಗುತ್ತದೆ, ಐಡ್ಲಿಂಗ್ ತೂಗಾಡುತ್ತದೆ.

ಆದ್ದರಿಂದ ಲ್ಯಾಪ್‌ಟಾಪ್ ತೆರೆಯುವ ಮೊದಲು ರೈಲ್‌ಗೆ ಒಂದು ಒತ್ತಡದ ಗೇಜ್ ಹಾಕಿಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಕಾರಿನ ಮ್ಯಾಪ್ ಅನ್ನು ನಾನು ಎರಡು ದಿನ ಕುಳಿತು ತಿದ್ದಿದ್ದೆ. ಮೂರನೆಯ ದಿನ ಗೇಜ್ ಹಾಕಿ ನೋಡಿದಾಗ ರೆಗ್ಯುಲೇಟರ್‌ನ ಸಣ್ಣ ಹೋಸ್ ಬಿರುಕು ಬಿಟ್ಟಿದ್ದು ಗೊತ್ತಾಯಿತು. ಎರಡು ದಿನದ ಅಂಕಿಗಳೆಲ್ಲವೂ ಆ ಬಿರುಕಿಗೆ ಹೊಂದಿಸಿದವಾಗಿದ್ದವು, ಅಷ್ಟನ್ನೂ ಅಳಿಸಬೇಕಾಯಿತು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ರೆಗ್ಯುಲೇಟರ್‌ನ ಹೋಸ್ ಕಳಚಿ ಅದರ ಬಾಯಿ ಮುಚ್ಚಿ. ಗೇಜ್ 3 ಬಾರ್ ತೋರಿಸಬೇಕು. ಹೋಸ್ ಮತ್ತೆ ಸೇರಿಸಿದರೆ ಅರ್ಧ ಬಾರ್‌ನಷ್ಟು ಇಳಿಯಬೇಕು. ಕಳಚಿದಾಗಲೇ 3.5ರ ಮೇಲಿದ್ದರೆ, ಅಥವಾ ಸೇರಿಸಿದಾಗ ಇಳಿಯದಿದ್ದರೆ, ರಿಟರ್ನ್ ದಾರಿ ಸಾಲುತ್ತಿಲ್ಲ ಎಂದರ್ಥ. ಆಗ ರಿಟರ್ನ್ ಲೈನ್ ಅನ್ನೂ ರೆಗ್ಯುಲೇಟರ್ ಅನ್ನೂ ದೊಡ್ಡದಾಗಿಸಬೇಕು, ಇಲ್ಲವೇ ಪಂಪ್ ಅನ್ನು ಚಿಕ್ಕದಾಗಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ ನಿಮ್ಮ ಎಂಜಿನ್‌ಗೆ 255 ಲೀಟರ್‌ನ ಪಂಪ್ ಅಗತ್ಯಕ್ಕಿಂತ ದೊಡ್ಡದು. ಬಂಕ್‌ಗಳಲ್ಲಿ ಈಗ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಶೇ. 7-8ರಷ್ಟು ಹೆಚ್ಚು ಇಂಧನ ಬೇಕೆಂಬುದನ್ನು ಸೇರಿಸಿ, ಮೇಲೆ ಕಾಲು ಭಾಗ ಮೀಸಲು ಇಟ್ಟರೂ ಗಂಟೆಗೆ 90 ಲೀಟರ್‌ನ ಆಸುಪಾಸಾಗುತ್ತದೆ. 190 ಲೀಟರ್ ದರ್ಜೆಯ ಪಂಪ್ ಧಾರಾಳವಾಗಿ ಸಾಕಿತ್ತು. ದೊಡ್ಡ ಪಂಪ್ ಪೆಟ್ರೋಲ್ ಅನ್ನು ಸುಮ್ಮನೆ ಸುತ್ತಿಸಿ ಸುತ್ತಿಸಿ ಟ್ಯಾಂಕ್‌ನಲ್ಲಿಯೇ ಬಿಸಿ ಮಾಡುತ್ತದೆ; ನಮ್ಮ ಏಪ್ರಿಲ್ ತಿಂಗಳಿನಲ್ಲಿ ಅದು ಸಣ್ಣ ವಿಷಯವಲ್ಲ.

ಟ್ಯಾಂಕ್ ಇಳಿಸಿದಾಗ ಒಳಗಿನ ಸಣ್ಣ ಹೋಸ್ ಅನ್ನು ಯಾವುದರಿಂದ ಬದಲಾಯಿಸಿದರು ಎಂದೂ ಕೇಳಿ. ಪೆಟ್ರೋಲ್‌ನಲ್ಲಿ ಮುಳುಗಿರಲೆಂದೇ ಮಾಡಿದ ಹೋಸ್ ಬೇರೆ. ಹೊರಗೆ ಬಳಸುವ ಸಾಮಾನ್ಯ ಹೋಸ್ ಅನ್ನು ಒಳಗೆ ಹಾಕಿದರೆ ಅದು ಮೆತ್ತಗಾಗಿ ಬಿರಿದು, ಒತ್ತಡ ಟ್ಯಾಂಕ್‌ನೊಳಗೇ ಸೋರಿಹೋಗುತ್ತದೆ.

ಒತ್ತಡ ಸರಿಯಿದೆಯೆಂದು ಖಚಿತವಾದ ಮೇಲೆಯೇ ಮ್ಯಾಪ್‌ಗೆ ಕೈಹಾಕಬೇಕು. ಸ್ಪಾರ್ಕ್ ಪ್ಲಗ್‌ಗಳು ಮಸಿ ಹಿಡಿದಿರುತ್ತವೆ, ಹೊಸದನ್ನು ಹಾಕಿ. ಇಸಿಯುಗೆ ಇಂಜೆಕ್ಟರ್‌ನ ನಿಜವಾದ ಹರಿವನ್ನೂ ಅದು ತೆರೆಯಲು ತೆಗೆದುಕೊಳ್ಳುವ ತಡವನ್ನೂ 3 ಬಾರ್‌ನ ಲೆಕ್ಕದಲ್ಲಿ ಕೊಡಿ. ಹಳೆಯ ಕಲಿಕೆಯನ್ನು ಅಳಿಸಿ, ಮೊದಲು ಐಡ್ಲಿಂಗ್, ಆಮೇಲೆ ಬೂಸ್ಟ್ ಇಲ್ಲದ ಹದವಾದ ಓಟ, ಅವು ಸರಿಹೋದ ಮೇಲೆ ಬೂಸ್ಟ್‌ನ ಭಾಗ ಎಂಬ ಕ್ರಮದಲ್ಲಿ ಹೋಗಬೇಕು. ಮೇಲಿನ ಭಾಗದಲ್ಲಿ ಇಂಧನವನ್ನು ಒಂದೇ ಸಲಕ್ಕೆ ಶೇ. 20 ಇಳಿಸಬಾರದು, ನನ್ನ ಲೆಕ್ಕ ಅಂದಾಜಿನದು, ಮತ್ತು ತಪ್ಪಿದರೆ ತೆಳುವಿನ ಕಡೆಗೆ ತಪ್ಪುತ್ತದೆ. ಐದೈದು ಶೇಕಡಾ ಇಳಿಸುತ್ತ, ಪ್ರತಿ ಸಲವೂ ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್‌ನಲ್ಲಿ ನೋಡುತ್ತ 0.80ಕ್ಕೆ ಬನ್ನಿ. ಲ್ಯಾಂಬ್ಡಾದಲ್ಲೇ ಓದಿ. ಅಪ್ಪಟ ಪೆಟ್ರೋಲ್‌ಗೆ 14.7 ಭಾಗ ಗಾಳಿ ಬೇಕಾದರೆ ಶೇ. 20 ಎಥನಾಲ್ ಇರುವುದಕ್ಕೆ 13.5ರಷ್ಟೇ ಸಾಕು, ಗೇಜ್‌ಗಳು 14.7ರ ಲೆಕ್ಕದಲ್ಲೇ ಅಂಕಿ ತೋರಿಸುವುದರಿಂದ ಗೊಂದಲವಾಗುತ್ತದೆ. ಎರಡು ವರ್ಷಗಳ ಹಿಂದಿನ ಪೆಟ್ರೋಲ್‌ಗೂ ಇಂದಿನದಕ್ಕೂ ಎಥನಾಲ್ ಪ್ರಮಾಣದಲ್ಲಿ ವ್ಯತ್ಯಾಸವಿರುವುದೂ ಹೊಸದಾಗಿ ಟ್ಯೂನ್ ಮಾಡಿಸಲು ಇನ್ನೊಂದು ಕಾರಣ.

ಸ್ಪಾರ್ಕ್ ಟೈಮಿಂಗ್ ಅನ್ನು ಸದ್ಯಕ್ಕೆ ಎರಡು ಡಿಗ್ರಿ ಹಿಂದಕ್ಕೆ ತೆಗೆದು, ಇಂಧನ ಸರಿಹೋದ ಮೇಲೆ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವ ಸದ್ದು) ಕೇಳಿಸಿಕೊಳ್ಳುತ್ತ ಒಂದೊಂದೇ ಡಿಗ್ರಿ ವಾಪಸು ಕೊಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯನ್ನು ಅರ್ಧ ಬಾರ್ ಬೂಸ್ಟ್‌ಗೆ ಒತ್ತಿದರೆ, 35 ಡಿಗ್ರಿಯಲ್ಲಿ ಒಳಹೊಕ್ಕ ಗಾಳಿ ಸೂಪರ್‌ಚಾರ್ಜರ್‌ನಿಂದ ಹೊರಬರುವಾಗ 100 ಡಿಗ್ರಿಯ ಹತ್ತಿರ ಇರುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮಧ್ಯಾಹ್ನದ ಬಿಸಿಲಿನಲ್ಲಿ ನೋಡಬೇಕೇ ಹೊರತು ಮುಂಜಾನೆಯ ತಂಪಿನಲ್ಲಿ ಅಲ್ಲ.

ಇನ್ನೊಂದು ಎಚ್ಚರಿಕೆ. ಪಂಪ್ ಗಟ್ಟಿಯಾಯಿತಲ್ಲ, ಸೂಪರ್‌ಚಾರ್ಜರ್‌ನ ಪುಲ್ಲಿ ಚಿಕ್ಕದು ಮಾಡಿ ಬೂಸ್ಟ್ ಏರಿಸೋಣ ಎಂಬ ಸಲಹೆ ನಿಮಗೆ ಬಂದೇ ಬರುತ್ತದೆ. 0.7 ಬಾರ್‌ಗೆ ಏರಿಸಿದರೆ ಗಾಳಿ ಶೇ. 14ರಷ್ಟು ಹೆಚ್ಚಿ, ಇಂಜೆಕ್ಟರ್ ಡ್ಯೂಟಿ ಶೇ. 76ರಿಂದ 87ಕ್ಕೆ ಹೋಗುತ್ತದೆ. ಶೇ. 85ನ್ನು ದಾಟಬಾರದು ಎಂಬುದು ಈ ಕೆಲಸದಲ್ಲಿರುವವರು ಇಟ್ಟುಕೊಂಡಿರುವ ಗಡಿ. ಈ ಇಂಜೆಕ್ಟರ್‌ಗಳಿರುವವರೆಗೆ ಅರ್ಧ ಬಾರ್‌ಗೇ ನಿಲ್ಲಿ.

ಪ್ರಶ್ನೆ: ನನ್ನ ಸೂಪರ್‌ಚಾರ್ಜರ್ ಕಾರಿಗೂ ದೊಡ್ಡ ಪಂಪ್ ಹಾಕಿಸಿ, ಟ್ಯೂನ್ ಕೂಡ ಮಾಡಿಸಿದ್ದಾಗಿದೆ. ಹಗಲು ಚೆನ್ನಾಗಿಯೇ ಓಡುತ್ತದೆ. ಸಂಜೆಯ ಮೇಲೆ ಎಸಿ, ಹೆಡ್‌ಲೈಟ್ ಎರಡೂ ಹಾಕಿಕೊಂಡು ಜೋಗಿಮಟ್ಟಿ ಕಡೆ ಏರು ಹತ್ತುವಾಗ ಮಿಶ್ರಣ ತೆಳುವಾಗುತ್ತಿರುವುದನ್ನು ಗೇಜ್ ತೋರಿಸುತ್ತದೆ. ರೆಗ್ಯುಲೇಟರ್ ತಿರುಗಿಸಿ ಒತ್ತಡ ಏರಿಸಿದರೆ ಸಾಕೆನ್ನುತ್ತಾರೆ. ಸರಿಯೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಒತ್ತಡ ಏರಿಸಿದರೆ ಪಂಪ್‌ನ ಹೊರೆ ಇನ್ನೂ ಹೆಚ್ಚಿ, ಅದು ಕೊಡುವ ಪೆಟ್ರೋಲ್ ಇನ್ನೂ ಕಡಿಮೆಯಾಗುತ್ತದೆ. ಹಗಲು ಸರಿಯಿದ್ದು ಎಸಿ, ಲೈಟ್ ಹಾಕಿದಾಗ ಮಾತ್ರ ಕೆಡುವುದಾದರೆ ಮೊದಲು ಅನುಮಾನಿಸಬೇಕಾದದ್ದು ವೋಲ್ಟೇಜ್. ಹೊಲದ ಪಂಪ್‌ಸೆಟ್ ಲೋ ವೋಲ್ಟೇಜ್‌ನಲ್ಲಿ ನೀರು ಎತ್ತಲಾರದೆ ಒದ್ದಾಡುವುದನ್ನು ನೀವು ನೋಡಿರುತ್ತೀರಿ. ಟ್ಯಾಂಕ್‌ನೊಳಗಿನ ಮೋಟಾರ್‌ನದೂ ಅದೇ ಪಾಡು. ಪಂಪ್‌ಗಳ ಮೇಲೆ ಬರೆದಿರುವ ಹರಿವು ಸಾಮಾನ್ಯವಾಗಿ 13.5 ವೋಲ್ಟ್‌ನ ಲೆಕ್ಕದ್ದು. ಹೊಸ ಪಂಪ್ ಹಳೆಯದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತದೆ, ಆದರೆ ಅದಕ್ಕೆ ಹೋಗುತ್ತಿರುವುದು ಸಣ್ಣ ಪಂಪ್‌ಗೆಂದು ಕಂಪನಿಯಿಂದ ಬಂದ ತೆಳು ವೈರ್. ಎಂಜಿನ್ ಓಡುತ್ತಿರುವಾಗ, ಎಸಿ ಮತ್ತು ಲೈಟ್ ಹಾಕಿ, ಪಂಪ್‌ನ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಹಿಡಿಸಿ. ಬ್ಯಾಟರಿಯಲ್ಲಿ 13.8 ಇದ್ದು ಅಲ್ಲಿ 12ಕ್ಕಿಂತ ಕಡಿಮೆಯಿದ್ದರೆ ಕಾರಣ ಸಿಕ್ಕಂತೆಯೇ. ಬ್ಯಾಟರಿಯಲ್ಲಿಯೇ ಕಡಿಮೆಯಿದ್ದರೆ ಆಲ್ಟರ್ನೇಟರ್ ಮತ್ತು ಅದರ ಬೆಲ್ಟ್ ನೋಡಬೇಕು.

ಪರಿಹಾರ ಸರಳ: ಬ್ಯಾಟರಿಯಿಂದ ನೇರವಾಗಿ 4 ಚದರ ಮಿಲಿಮೀಟರ್‌ನ ತಾಮ್ರದ ವೈರ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಹಿಂದೆ ರಿಲೇ, ಮತ್ತು ಪೇಂಟ್ ಕೆರೆದು ಬರಿಯ ಲೋಹಕ್ಕೆ ಬಿಗಿಸಿದ ಅರ್ಥಿಂಗ್. ಅರ್ಥಿಂಗ್ ಅನ್ನು ಮರೆಯುವವರೇ ಹೆಚ್ಚು. ರಿಲೇಯನ್ನು ಚಾಲೂ ಮಾಡುವ ಸಂಪರ್ಕವನ್ನು ಮಾತ್ರ ಹಳೆಯ ಪಂಪ್ ವೈರ್‌ನಿಂದಲೇ ಕೊಡಿಸಿ, ಇಗ್ನಿಷನ್ ಸ್ವಿಚ್‌ನಿಂದ ನೇರವಾಗಿ ಬೇಡ. ಅಪಘಾತವಾಗಿ ಎಂಜಿನ್ ನಿಂತಾಗ ಇಸಿಯು ಪಂಪ್ ಅನ್ನು ನಿಲ್ಲಿಸುತ್ತದೆ. ನೇರ ಸಂಪರ್ಕ ಕೊಟ್ಟರೆ ಒಡೆದ ಪೈಪ್‌ನಿಂದ ಪೆಟ್ರೋಲ್ ಚಿಮ್ಮುತ್ತಲೇ ಇರುತ್ತದೆ. ಈ ಕೆಲಸ ಮುಗಿದ ಮೇಲೆ ಒತ್ತಡವನ್ನೂ ಲ್ಯಾಂಬ್ಡಾವನ್ನೂ ಮತ್ತೆ ಅಳೆಯಿಸಿ, ಏಕೆಂದರೆ ನಿಮ್ಮ ಮ್ಯಾಪ್ ಸಹ ಆ ಸೋತ ವೋಲ್ಟೇಜ್‌ಗೆ ಹೊಂದಿಸಿದ್ದಿರಬಹುದು.

ಪ್ರಶ್ನೆ: ನನ್ನ ಕಾರಿನಲ್ಲಿ ರಿಟರ್ನ್ ಲೈನೇ ಇಲ್ಲ, ರೆಗ್ಯುಲೇಟರ್ ಟ್ಯಾಂಕ್‌ನೊಳಗೆ ಪಂಪ್ ಜೊತೆಯಲ್ಲಿಯೇ ಇದೆ. ಮೇಲಿನಂಥ ಟ್ಯೂನಿಂಗ್ ಸಾಧ್ಯವೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಸಾಧ್ಯ. ಆದರೆ ಟ್ಯಾಂಕ್‌ನೊಳಗಿನ ರೆಗ್ಯುಲೇಟರ್‌ಗೆ ಬೂಸ್ಟ್ ತಿಳಿಯುವುದಿಲ್ಲ, ರೈಲ್ ಒತ್ತಡ ಒಂದೇ ಕಡೆ ನಿಂತಿರುತ್ತದೆ. ರೈಲ್ 3.5 ಬಾರ್ ಇದ್ದು ಬೂಸ್ಟ್ ಅರ್ಧ ಬಾರ್ ಏರಿದಾಗ ವ್ಯತ್ಯಾಸ 3ಕ್ಕೆ ಇಳಿದು, ಇಂಜೆಕ್ಟರ್‌ನ ಹರಿವು ಶೇ. 7ರಷ್ಟು ಕುಗ್ಗುತ್ತದೆ. ಇಸಿಯುನಲ್ಲಿ ಈ ವ್ಯತ್ಯಾಸವನ್ನು ಲೆಕ್ಕ ಹಾಕುವ ಆಯ್ಕೆ ಇದ್ದರೆ ಅದನ್ನು ಬಳಸಿ, ಇಲ್ಲವಾದರೆ ಬೂಸ್ಟ್‌ನ ಸಾಲುಗಳಲ್ಲಿ ಕೈಯಿಂದ ಸೇರಿಸಬೇಕು. ಪಂಪ್ ಬದಲಿಸುವಾಗ ಒಳಗಿನ ರೆಗ್ಯುಲೇಟರ್‌ನ ಓ-ರಿಂಗ್ ಅನ್ನು ತಪ್ಪದೆ ಹೊಸದು ಹಾಕಿಸಿ.

ಪ್ರಶ್ನೆ: ಡೈನೋಗಾಗಿ (ಕಾರು ನಿಂತಲ್ಲೇ ಚಕ್ರ ತಿರುಗಿಸಿ ಶಕ್ತಿ ಅಳೆಯುವ ಯಂತ್ರ) ಬೆಂಗಳೂರಿಗೆ ಹೋಗುವ ಬದಲು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿ ಹೊತ್ತು ಓಡಿಸಿ, ಪಕ್ಕದಲ್ಲಿ ಕುಳಿತವರು ಲ್ಯಾಪ್‌ಟಾಪ್‌ನಲ್ಲಿ ಟ್ಯೂನ್ ಮಾಡಿದರೆ ಆಗದೇ?
– ಓದುಗರೊಬ್ಬರು, ಭರಮಸಾಗರ

ಉತ್ತರ: ಐಡ್ಲಿಂಗ್ ಮತ್ತು ಹದವಾದ ಓಟದ ಭಾಗವನ್ನು ರಸ್ತೆಯಲ್ಲಿ, ವೇಗದ ಮಿತಿಯೊಳಗೆ ಸರಿಪಡಿಸಬಹುದು. ಪೂರ್ತಿ ಬೂಸ್ಟ್‌ನ ಭಾಗವನ್ನು ಹೆದ್ದಾರಿಯಲ್ಲಿ ಮಾಡಬೇಡಿ. ಆ ರಸ್ತೆಯಲ್ಲಿ ರಾತ್ರಿ ದೀಪವಿಲ್ಲದೆ ನಿಂತ ಲಾರಿಗಳೂ, ಅಡ್ಡ ಬರುವ ದನಗಳೂ, ಊರಿಂದೂರಿಗೆ ಬೈಕ್‌ನಲ್ಲಿ ಹೋಗುವವರೂ ಇರುತ್ತಾರೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಡೈನೋ ಮೇಲೆ ಲೋಡ್ ಅನ್ನು ಒಂದೇ ಆರ್‌ಪಿಎಂನಲ್ಲಿ ಹಿಡಿದು ಓದಬಹುದು, ನಾಕಿಂಗ್ ಕೇಳಬಹುದು, ತಪ್ಪು ಕಂಡ ತಕ್ಷಣ ಕಾಲು ತೆಗೆಯಬಹುದು. ಓಟದಲ್ಲೇ ನೋಡಬೇಕೆಂದಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಮುಚ್ಚಿದ ಟ್ರ್ಯಾಕ್ ಇದೆ.

ಇನ್ನೊಂದನ್ನು ಹೇಳದಿದ್ದರೆ ನನ್ನ ಉತ್ತರ ಅಪೂರ್ಣವಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ತಿದ್ದುಪಡಿ ಇದಕ್ಕೆ ದಂಡವನ್ನೂ ಶಿಕ್ಷೆಯನ್ನೂ ಸೇರಿಸಿದೆ. ಅಪಘಾತವಾದರೆ ವಿಮಾ ಕಂಪನಿ ಮೊದಲು ಎತ್ತುವ ಪ್ರಶ್ನೆಯೂ ಇದೇ ಆಗಬಹುದು. ಹೊರಗಿನಿಂದ ಸೂಪರ್‌ಚಾರ್ಜರ್ ಹಾಕಿಸಿರುವ ಓದುಗರು ತಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಲಿಖಿತವಾಗಿ ವಿಚಾರಿಸಿ, ಉತ್ತರ ಕೈಗೆ ಬರುವವರೆಗೆ ಅಂಥ ಕಾರನ್ನು ಟ್ರೇಲರ್ ಮೇಲೆ ಡೈನೋಗೋ ಟ್ರ್ಯಾಕ್‌ಗೋ ಒಯ್ಯುವುದು ಸರಿ.